30×50ರ ನಿವೇಶನ, ಮೂರು ಮನೆ: ಬೆಂಗಳೂರಿನ ಒಂದು ಕಟ್ಟಡ ಪರವಾನಗಿಯ ಪ್ರಕರಣ ಅಧ್ಯಯನ

ಬೆಂಗಳೂರಿನ ದಕ್ಷಿಣದ ಅಂಚಿನಲ್ಲಿ 30×50 ಅಡಿಯ ನಿವೇಶನ ಹೊಂದಿದ್ದ ಕುಟುಂಬವೊಂದು 2023ರಲ್ಲಿ ಮನೆ ಕಟ್ಟಲು ನಿರ್ಧರಿಸಿತು. ನಿವೃತ್ತ ಶಿಕ್ಷಕರಾದ ತಂದೆ, ತಾಯಿ, ಇಬ್ಬರು ಗಂಡುಮಕ್ಕಳು ಮತ್ತು ಅವರ ಸಂಸಾರಗಳು ಆ ಮನೆಯಲ್ಲಿ ಇರಬೇಕಾಗಿತ್ತು. ಮಕ್ಕಳಿಗೆ ಒಂದೊಂದು ಮಹಡಿ, ತಂದೆ ತಾಯಿಗೆ ಒಂದು, ಬಾಡಿಗೆಗೆ ಒಂದು, ಕೆಳಗೆ ಕಾರು ನಿಲ್ಲಿಸಲು ಸ್ಟಿಲ್ಟ್ ಎಂದು ಅವರು ಲೆಕ್ಕ ಹಾಕಿದ್ದರು. ಅದೇ ರಸ್ತೆಯಲ್ಲಿ ಅಷ್ಟೇ ಅಳತೆಯ ನಿವೇಶನಗಳಲ್ಲಿ ನಾಲ್ಕು ಮಹಡಿಯ ಕಟ್ಟಡಗಳು ಸಾಲಾಗಿ ನಿಂತಿದ್ದುದರಿಂದ ಆ ಲೆಕ್ಕದಲ್ಲಿ ಅತಿಯಾಸೆ ಇದೆ ಎಂದು ಯಾರಿಗೂ ಅನ್ನಿಸಿರಲಿಲ್ಲ. ನಕ್ಷೆ ತಯಾರಿಸುವ ಎಂಜಿನಿಯರ್ ಆಗಿ ನಾನು ಈ ಕೆಲಸಕ್ಕೆ ಸೇರಿದ್ದು ಆ ಹಂತದಲ್ಲಿ.

ಬೆಂಗಳೂರಿನಲ್ಲಿ ಪ್ಲಾನ್ ಸ್ಯಾಂಕ್ಷನ್ ಎಂದೊಡನೆ ಜನ ಕಚೇರಿಯ ಅಲೆದಾಟವನ್ನು ನೆನೆಯುತ್ತಾರೆ. ಈ ಪ್ರಕರಣದಲ್ಲಿ ಅರ್ಜಿ ಹಾಕಿ ಮಂಜೂರಾತಿ ಪಡೆಯುವ ಭಾಗವೇ ಎಲ್ಲಕ್ಕಿಂತ ಸರಾಗವಾಗಿ ನಡೆಯಿತು. ಬೆವರು ಹರಿದದ್ದು ಅದಕ್ಕೂ ಮೊದಲು ಅಳತೆಗಳನ್ನು ಕೂಡಿಸುವಾಗ, ಮತ್ತು ಆಮೇಲೆ ಆ ಅಳತೆಗಳೊಳಗೆ ಕಟ್ಟಡವನ್ನು ಹಿಡಿದಿಡುವಾಗ. ಆದ್ದರಿಂದ ಈ ಬರಹವೂ ಹೆಚ್ಚಾಗಿ ಅಳತೆಗಳ ಸುತ್ತಲೇ ಇರುತ್ತದೆ.

ಮೊದಲಿಗೆ ಕಾಗದಪತ್ರ. ಬಡಾವಣೆ ಇದ್ದ ಪ್ರದೇಶ 2007ರವರೆಗೆ ನಗರಸಭೆಯ ವ್ಯಾಪ್ತಿಯಲ್ಲಿತ್ತು. ಆ ವರ್ಷ ಏಳು ನಗರಸಭೆ, ಒಂದು ಪುರಸಭೆ ಮತ್ತು 110 ಹಳ್ಳಿಗಳನ್ನು ಹಳೆಯ ಮಹಾನಗರ ಪಾಲಿಕೆಗೆ ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯನ್ನು ರಚಿಸಲಾಯಿತು. ಹೀಗೆ ಸೇರಿದ ಪ್ರದೇಶಗಳಲ್ಲಿ ಭೂಪರಿವರ್ತನೆ ಇಲ್ಲದ, ಬಡಾವಣೆ ನಕ್ಷೆಗೆ ಅನುಮೋದನೆ ಇಲ್ಲದ ಸಾವಿರಾರು ನಿವೇಶನಗಳಿದ್ದವು. ಅವುಗಳಿಂದ ತೆರಿಗೆ ವಸೂಲು ಮಾಡಲು ಬೇರೆ ವಹಿ ಇಡಲಾಯಿತು. ಜನರ ಬಾಯಲ್ಲಿ ಅದು ‘ಬಿ ಖಾತಾ’ ಆಯಿತು. ಈ ಪ್ರಕರಣದ ಕಾಲದಲ್ಲಿ ಬಿ ಖಾತಾದ ನಿವೇಶನಕ್ಕೆ ನಕ್ಷೆ ಮಂಜೂರಾತಿ ಸಿಗುತ್ತಿರಲಿಲ್ಲ. ಈ ಕುಟುಂಬದ್ದು ಅನುಮೋದಿತ ಬಡಾವಣೆಯಾದ್ದರಿಂದ ಖಾತಾ ‘ಎ’ ವಹಿಯಲ್ಲಿತ್ತು. ಕ್ರಯಪತ್ರ, ಅದಕ್ಕೂ ಹಿಂದಿನ ತಾಯಿಪತ್ರ, ಭೂಪರಿವರ್ತನೆಯ ಆದೇಶ, ಋಣಭಾರ ಪತ್ರ ಅಂದರೆ ಇಸಿ, ಖಾತಾ ಪ್ರಮಾಣಪತ್ರ, ತೆರಿಗೆ ರಸೀದಿ ಎಲ್ಲವೂ ಸರಿಯಾಗಿದ್ದವು. ತಂದೆಯವರು ಅವನ್ನು ವರ್ಷವಾರು ದಾರ ಕಟ್ಟಿ ಇಟ್ಟಿದ್ದರು. ಮೇಷ್ಟ್ರ ಶಿಸ್ತು ಅಂಥದು.

ಕಾಗದ ಸರಿಯಿದ್ದ ನಂತರ ನಿವೇಶನಕ್ಕೆ ಹೋಗಿ ಟೇಪು ಹಿಡಿದಾಗ ತೊಡಕು ಕಾಣಿಸಿತು. ರಸ್ತೆಯ ಕಡೆಯಲ್ಲಿ ಅಗಲ 30 ಅಡಿ ಇತ್ತು. ಹಿಂಬದಿಯಲ್ಲಿ 29 ಅಡಿ 3 ಅಂಗುಲ ಬಂತು. ಪಕ್ಕದವರ ಹಳೆಯ ಕಾಂಪೌಂಡು ಗೋಡೆ ಹಿಂದೆ ಹೋಗುತ್ತ ಹೋಗುತ್ತ ಒಂಬತ್ತು ಅಂಗುಲದಷ್ಟು ಈ ಕಡೆಗೆ ವಾಲಿಕೊಂಡು ಕಟ್ಟಲ್ಪಟ್ಟಿತ್ತು. ಹಿರಿಯ ಮಗ ಸರ್ವೆ ಮಾಡಿಸಿ ಗೋಡೆ ಕೆಡವಿಸಬೇಕೆಂದು ಪಟ್ಟು ಹಿಡಿದರು. ನ್ಯಾಯ ಅವರ ಕಡೆಗೇ ಇತ್ತು. ಆದರೆ ಕ್ರಯಪತ್ರದ ಅಳತೆ ಒಂದು, ನೆಲದ ಅಳತೆ ಇನ್ನೊಂದು ಆದಾಗ ನಕ್ಷೆಯನ್ನು ನೆಲದಲ್ಲಿ ನಿಜಕ್ಕೂ ಕೈಯಲ್ಲಿರುವ ಜಾಗಕ್ಕೆ ಹೊಂದಿಸುವುದೇ ಕ್ಷೇಮ. ಮೂವತ್ತು ಅಡಿ ಎಂದು ನಕ್ಷೆ ಬರೆದು ಮಂಜೂರು ಮಾಡಿಸಿಕೊಂಡರೆ, ಕಟ್ಟಡ ಮುಗಿದ ಮೇಲೆ ಆ ಒಂಬತ್ತು ಅಂಗುಲ ಎಲ್ಲೆಗೂ ಕಟ್ಟಡಕ್ಕೂ ನಡುವೆ ಖಾಲಿ ಬಿಡಬೇಕಾದ ಜಾಗದಿಂದ, ಅಂದರೆ ನಮ್ಮದೇ ಸೆಟ್‌ಬ್ಯಾಕ್‌ನಿಂದ ಕಡಿತವಾಗಿ ಕಾಣುತ್ತದೆ. ಸಿವಿಲ್ ದಾವೆ ಹೂಡಿದರೆ ಮನೆ ಕಟ್ಟುವುದು ಎಂದಿಗೋ! ತಂದೆಯವರು ಎರಡು ದಿನ ಯೋಚಿಸಿ, ಹಕ್ಕನ್ನು ಬಿಟ್ಟುಕೊಡದೆ ನಕ್ಷೆಯ ಮಟ್ಟಿಗೆ ಕಡಿಮೆ ಅಳತೆಯನ್ನೇ ತೆಗೆದುಕೊಳ್ಳಲು ಒಪ್ಪಿದರು. 15.24 ಮೀಟರ್ ಆಳ, ಮುಂದೆ 9.14 ಮೀಟರ್, ಹಿಂದೆ 8.91 ಮೀಟರ್, ಒಟ್ಟು ಸುಮಾರು 137.5 ಚದರ ಮೀಟರ್. ಕಳೆದುಕೊಂಡದ್ದು ಎರಡು ಚದರ ಮೀಟರ್‌ಗೂ ಕಡಿಮೆ.

ರಾಜಕಾಲುವೆಯ ವಿಚಾರವನ್ನೂ ಇದೇ ಹಂತದಲ್ಲಿ ನೋಡಲಾಯಿತು. ಬಡಾವಣೆಯ ಹಿಂದೆ ಸಣ್ಣ ಕಾಲುವೆಯೊಂದು ಹರಿಯುತ್ತದೆ. 2016ರ ಮೇ ತಿಂಗಳಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕಾಲುವೆಗಳ ಮೀಸಲು ಅಂತರವನ್ನು, ಅಂದರೆ ಪಕ್ಕದಲ್ಲಿ ಕಟ್ಟಡ ಕಟ್ಟದೆ ಬಿಡಬೇಕಾದ ಜಾಗವನ್ನು, ಹೆಚ್ಚಿಸಿತ್ತು. 2019ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಿದ ಮೇಲೆ ನಗರದ ಪರಿಷ್ಕೃತ ‘ಮಹಾಯೋಜನೆ 2015’ರ ಅಂತರಗಳೇ ಮತ್ತೆ ಜಾರಿಗೆ ಬಂದವು: ಪ್ರಾಥಮಿಕ ಕಾಲುವೆಗೆ 50 ಮೀಟರ್, ದ್ವಿತೀಯಕ್ಕೆ 25, ತೃತೀಯಕ್ಕೆ 15, ಎಲ್ಲವೂ ಕಾಲುವೆಯ ನಡುಗೆರೆಯಿಂದ. ಗ್ರಾಮ ನಕ್ಷೆಯಲ್ಲಿ ಅಳೆದು ನೋಡಿದಾಗ ನಿವೇಶನ ಆ ಅಂತರದಿಂದ ಹೊರಗೇ ಇತ್ತು.

ಎಷ್ಟು ಕಟ್ಟಬಹುದು

ಆಗ ಅನ್ವಯವಾಗುತ್ತಿದ್ದುದು 2003ರ ಕಟ್ಟಡ ಉಪವಿಧಿಗಳು ಮತ್ತು 2007ರಲ್ಲಿ ಅನುಮೋದನೆ ಪಡೆದ ‘ಮಹಾಯೋಜನೆ 2015’ರ ವಲಯ ನಿಯಮಾವಳಿ. ಇಷ್ಟು ಚಿಕ್ಕ ವಸತಿ ನಿವೇಶನಕ್ಕೆ ಎಫ್‌ಎಆರ್ (ನಿವೇಶನದ ವಿಸ್ತೀರ್ಣದ ಎಷ್ಟು ಪಟ್ಟು ಕಟ್ಟಬಹುದು ಎಂಬ ಅನುಪಾತ) 1.75, ನೆಲದ ಮೇಲೆ ಮುಚ್ಚಬಹುದಾದ ಭಾಗ ಶೇ. 75. ಆಳ 9 ಮೀಟರ್ ದಾಟಿದ ನಿವೇಶನದಲ್ಲಿ ಮುಂದೆ ಆಳದ ಶೇ. 12, ಹಿಂದೆ ಶೇ. 8 ಬಿಡಬೇಕು, ಬದಿಗಳಲ್ಲಿ ಅಗಲದ ಶೇ. 8ರಂತೆ ಸುಮಾರು 73 ಸೆಂಟಿಮೀಟರ್. ಈ ಅಂತರಗಳೆಲ್ಲ 11.5 ಮೀಟರ್‌ವರೆಗಿನ ಎತ್ತರದ ಕಟ್ಟಡಕ್ಕೆ.

ನಾಲ್ಕನೆಯ ಮಹಡಿಯ ಆಸೆ ನಿಂತದ್ದು ಇಲ್ಲಿ. ಸ್ಟಿಲ್ಟ್‌ಗೆ 2.55 ಮೀಟರ್, ಮೇಲಿನ ಪ್ರತಿ ಮಹಡಿಗೆ 2.95 ಮೀಟರ್ ಎಂದರೂ ಮೂರು ಮಹಡಿಗೇ 11.4 ಮೀಟರ್ ಆಗುತ್ತದೆ. ನಾಲ್ಕನೆಯದನ್ನು ಸೇರಿಸಿದೊಡನೆ ಕಟ್ಟಡ ಮುಂದಿನ ಕೋಷ್ಟಕಕ್ಕೆ ಜಿಗಿಯುತ್ತದೆ. ಆ ಕೋಷ್ಟಕದ ಪ್ರಕಾರ 11.5ರಿಂದ 15 ಮೀಟರ್ ಎತ್ತರದ ಕಟ್ಟಡಕ್ಕೆ ನಾಲ್ಕೂ ಸುತ್ತ 5 ಮೀಟರ್ ಬಿಡಬೇಕು. ಎರಡು ಬದಿಗೆ ಐದೈದು ಮೀಟರ್ ಎಂದರೆ ಹತ್ತು. ನಿವೇಶನದ ಅಗಲವೇ ಒಂಬತ್ತು ಚಿಲ್ಲರೆ. ಈ ಲೆಕ್ಕವನ್ನು ಹಾಳೆಯ ಮೇಲೆ ಬರೆದು ತೋರಿಸಿದಾಗ ಕಿರಿಯ ಮಗ ಕೇಳಿದ ಪ್ರಶ್ನೆ ಸಹಜವಾಗಿತ್ತು: “ಸರ್, ಹಾಗಾದ್ರೆ ಈ ರೋಡಲ್ಲಿರೋ ಅಷ್ಟೂ ಬಿಲ್ಡಿಂಗ್ ಹೇಗೆ ಬಂದ್ವು?” ಅವುಗಳಲ್ಲಿ ಬಹುಪಾಲು ಎರಡು ಅಥವಾ ಮೂರು ಮಹಡಿಗೆ ಮಂಜೂರಾತಿ ಪಡೆದು ಮೇಲಿನದನ್ನು ಹಾಗೆಯೇ ಏರಿಸಿಕೊಂಡಂಥವು. ಮುಂದೊಂದು ದಿನ ಅಕ್ರಮ-ಸಕ್ರಮದಲ್ಲಿ ಸರಿಹೋಗುತ್ತದೆ ಎಂಬ ನಂಬಿಕೆಯಲ್ಲಿ ಕಟ್ಟಿದವರು ಬಹಳ. ಆ ಯೋಜನೆಗೆ 2017ರ ಜನವರಿಯಲ್ಲೇ ಸುಪ್ರೀಂ ಕೋರ್ಟ್ ತಡೆ ನೀಡಿತ್ತು. ನಂಬಿಕೆಗೆ ಮಾತ್ರ ಯಾರೂ ತಡೆ ಕೊಟ್ಟಿರಲಿಲ್ಲ.

ಇನ್ನು ಎಫ್‌ಎಆರ್. 137.5ನ್ನು 1.75ರಿಂದ ಗುಣಿಸಿದರೆ ಸುಮಾರು 240 ಚದರ ಮೀಟರ್. ಸ್ಟಿಲ್ಟ್ ಪಾರ್ಕಿಂಗ್ ಆ ಲೆಕ್ಕಕ್ಕೆ ಸೇರದು. ಹಾಗಾಗಿ ಮೂರು ಮಹಡಿಗೆ ತಲಾ 80 ಚದರ ಮೀಟರ್, ಅಂದರೆ 860 ಚದರ ಅಡಿಯ ಸುತ್ತಮುತ್ತ. ಕುಟುಂಬದವರ ಮನಸ್ಸಿನಲ್ಲಿ ಇದ್ದದ್ದು ಮಹಡಿಗೆ ಸಾವಿರದ ನೂರು ಚದರ ಅಡಿ.

ಇಲ್ಲಿ ಹೆಚ್ಚಿನ ಮನೆಮಾಲೀಕರು, ಹಲವು ನಕ್ಷೆಗಾರರೂ ಸಹ, ಗಮನಿಸದ ಒಂದು ವಿಷಯವಿದೆ. ಸೆಟ್‌ಬ್ಯಾಕ್ ಗೆರೆಗಳಿಗೆ ತಾಗಿಸಿ ಕಟ್ಟಿದರೆ ಒಂದು ಮಹಡಿಯಲ್ಲಿ 90 ಚದರ ಮೀಟರ್‌ಗೂ ಹೆಚ್ಚು ಸಿಗುತ್ತದೆ; ಆದರೆ ಮೂರು ಮಹಡಿಗೆ ಹಂಚಿದಾಗ ಎಫ್‌ಎಆರ್ ಕೊಡುವುದು 80 ಮಾತ್ರ. ಎಫ್‌ಎಆರ್ ಮೊದಲು ಮುಗಿಯುತ್ತದೆ, ಸೆಟ್‌ಬ್ಯಾಕ್ ಆಮೇಲೆ. ಹೀಗಿರುವಾಗ ಗೋಡೆಯನ್ನು 73 ಸೆಂಟಿಮೀಟರ್ ಗೆರೆಯ ಮೇಲೇ ನಿಲ್ಲಿಸಬೇಕಾದ ಅಗತ್ಯವೇ ಇಲ್ಲ. ‘ಒಂದಂಗುಲವೂ ಬಿಡಬಾರದು’ ಎಂಬ ಹಟದಿಂದ ಗೆರೆಗೆ ಅಂಟಿಸಿ ಬರೆಸಿದವರು ಗಳಿಸುವುದೇನೂ ಇಲ್ಲ, ಕಳೆದುಕೊಳ್ಳುವುದು ಬಹಳ. ಉಪವಿಧಿಗಳಲ್ಲಿ ಮಂಜೂರಾದ ನಕ್ಷೆಗಿಂತ ಶೇ. 5ರವರೆಗಿನ ವ್ಯತ್ಯಾಸವನ್ನು ದಂಡ ಕಟ್ಟಿಸಿಕೊಂಡು ಸಕ್ರಮಗೊಳಿಸಲು ಅವಕಾಶವಿತ್ತು. ಎಪ್ಪತ್ತಮೂರು ಸೆಂಟಿಮೀಟರ್‌ಗೆ ಶೇ. 5 ಎಂದರೆ ನಾಲ್ಕು ಸೆಂಟಿಮೀಟರ್‌ಗೂ ಕಡಿಮೆ. ಹೊರಗೋಡೆಯ ಗಿಲಾವೇ ಎರಡು ಸೆಂಟಿಮೀಟರ್. ಅದರ ಮೇಲೆ ಎಲಿವೇಷನ್‌ಗೆಂದು ಕಲ್ಲಿನ ಟೈಲ್ಸ್ ಅಂಟಿಸಿದರೆ, ಯಾರೂ ಏನನ್ನೂ ಕದಿಯದೆಯೇ ಮಿತಿ ಮುಗಿದುಹೋಗುತ್ತದೆ.

ಆದ್ದರಿಂದ ನಕ್ಷೆಯಲ್ಲಿ ಎರಡೂ ಬದಿಗೆ 85 ಸೆಂಟಿಮೀಟರ್ ತೋರಿಸಿ, ಮುಂದೆ ನಿಯಮ ಕೇಳುವುದಕ್ಕಿಂತ ಸುಮಾರು ಒಂದು ಮೀಟರ್ ಹೆಚ್ಚು ಬಿಟ್ಟು, ಉಳಿದ ಜಾಗದಲ್ಲಿ 80 ಚದರ ಮೀಟರ್ ಕೂರಿಸಲಾಯಿತು. ಹಿಂದಿನ ಓರೆ ಗೋಡೆಯ ಪಕ್ಕದಲ್ಲೂ ಕಟ್ಟಡ ಚೌಕವಾಗಿ ನಿಲ್ಲಲು ಇದರಿಂದ ಅನುಕೂಲವಾಯಿತು.

ಮೂರು ಮನೆಗೆ ಮೂರು ಕಾರಿನ ಜಾಗ ತೋರಿಸಬೇಕಾಗಿತ್ತು, ಒಂದೊಂದಕ್ಕೆ 2.5×5.5 ಮೀಟರ್. ಮೆಟ್ಟಿಲು, ಲಿಫ್ಟು ಒಂದು ಮೂಲೆ ಹಿಡಿದ ಮೇಲೆ ಅಕ್ಕಪಕ್ಕ ಮೂರು ಕಾರು ನಿಲ್ಲುವುದಿಲ್ಲ. ಮುಂದೆ ಎರಡು, ಹಿಂದೆ ಒಂದು ಎಂದು ಜೋಡಿಸಿ, ಹಿಂದಿನದು ಹೊರಬರಲು ದಾರಿ ಉಳಿಯುವಂತೆ ಕಂಬಗಳನ್ನು ಇಡಬೇಕಾಯಿತು. ಮೇಲಿನ ಮಲಗುವ ಕೋಣೆಗಳ ಗೋಡೆಗಳು ಆ ಕಂಬಗಳ ಸಾಲಿಗೇ ಹೊಂದಿಕೊಳ್ಳಬೇಕಾಯಿತು. ತಂದೆಯವರ ವಾಸ್ತು ಪಂಡಿತರು ನೈಋತ್ಯದಲ್ಲೇ ಮೆಟ್ಟಿಲು ಬೇಕೆಂದರು; ಈಶಾನ್ಯದಲ್ಲಿ ಸಂಪು ಕೊಟ್ಟು, ಮೆಟ್ಟಿಲನ್ನು ಅರ್ಧ ಮೀಟರ್ ಸರಿಸಿ ಅವರನ್ನೂ ಸಮಾಧಾನಪಡಿಸಲಾಯಿತು. ವಾಸ್ತುವಿನಲ್ಲಿ ಶೇ. 5ಕ್ಕಿಂತ ಹೆಚ್ಚು ರಿಯಾಯಿತಿ ಸಿಗುತ್ತದೆ ಎಂದು ಇಂಥ ಹೊತ್ತಿನಲ್ಲಿ ಅನ್ನಿಸುವುದುಂಟು.

ಅರ್ಜಿ ಮತ್ತು ಮಂಜೂರಾತಿ

ಅರ್ಜಿ ಆನ್‌ಲೈನ್‌ನಲ್ಲೇ ಸಲ್ಲಿಕೆಯಾಯಿತು. ನಕ್ಷೆಯನ್ನು ಕಂಪ್ಯೂಟರಿನಲ್ಲಿ ಪದರ ಪದರವಾಗಿ ಬರೆದು ಕಳಿಸಬೇಕು: ನಿವೇಶನದ ಎಲ್ಲೆ ಒಂದು ಪದರ, ಕಟ್ಟಡದ ಹೊರಗೆರೆ ಒಂದು, ಪಾರ್ಕಿಂಗ್ ಒಂದು, ಕಿಟಕಿ ಬಾಗಿಲು ಒಂದು. ತಂತ್ರಾಂಶ ಅವನ್ನು ಓದಿ ಎಫ್‌ಎಆರ್, ಸೆಟ್‌ಬ್ಯಾಕ್, ಎತ್ತರಗಳನ್ನು ತಾನೇ ಲೆಕ್ಕ ಹಾಕುತ್ತದೆ. ನಮ್ಮದು ಮೊದಲ ಸಲ ವಾಪಸು ಬಂದದ್ದು ಬಚ್ಚಲಿನ ಗಾಳಿಕಿಂಡಿಯ ಗೆರೆ ಬೇರೆ ಪದರದಲ್ಲಿ ಇದ್ದ ಕಾರಣಕ್ಕೆ; ತಿದ್ದಿ ಕಳಿಸಿದ ಮೇಲೆ ಮುಂದೆ ಹೋಯಿತು. ಸ್ಥಳ ಪರಿಶೀಲನೆಗೆ ಬಂದವರು ಹಿಂಬದಿಯ ಅಗಲವನ್ನೇ ಮೊದಲು ಅಳೆದರು. ನಕ್ಷೆಯಲ್ಲಿದ್ದ 8.91 ಮೀಟರ್ ನೆಲದಲ್ಲೂ ಸಿಕ್ಕಿದ್ದರಿಂದ ಆ ಮಾತು ಅಲ್ಲಿಗೇ ಮುಗಿಯಿತು.

ಶುಲ್ಕಗಳ ಜೊತೆಗೆ ನಿರ್ಮಾಣ ವೆಚ್ಚದ ಶೇ. 1ರಷ್ಟು ಕಾರ್ಮಿಕ ಕಲ್ಯಾಣ ಸೆಸ್ ಕಟ್ಟಬೇಕು. ಇದು 1996ರ ಕೇಂದ್ರ ಕಾಯ್ದೆಯಿಂದ ಬಂದದ್ದು, ಬಜೆಟ್ ಹಾಕುವಾಗ ಹೆಚ್ಚಿನವರಿಗೆ ನೆನಪಿರುವುದಿಲ್ಲ. ಮಳೆನೀರು ಸಂಗ್ರಹಣೆಯ ವ್ಯವಸ್ಥೆಯನ್ನು ನಕ್ಷೆಯಲ್ಲಿ ತೋರಿಸಲಾಗಿತ್ತು. ಜಲಮಂಡಳಿಯ ಕಾಯ್ದೆಗೆ 2009ರಲ್ಲಿ ತಂದ ತಿದ್ದುಪಡಿಯಂತೆ 30×40 ಮತ್ತು ಅದಕ್ಕಿಂತ ದೊಡ್ಡ ನಿವೇಶನದ ಹೊಸ ಕಟ್ಟಡಕ್ಕೆಲ್ಲ ಇದು ಕಡ್ಡಾಯ. ಬ್ಯಾಂಕಿನವರು ಮಂಜೂರಾದ ನಕ್ಷೆಯ ಪ್ರತಿ ಕೈಗೆ ಬಂದ ಮೇಲಷ್ಟೇ ಸಾಲದ ಮೊದಲ ಕಂತು ಬಿಡುಗಡೆ ಮಾಡಿದರು. ಇದಾದ ಮರುವರ್ಷ, 2024ರಲ್ಲಿ, ‘ನಂಬಿಕೆ ನಕ್ಷೆ’ ಯೋಜನೆ ಬಂತು. 50×80 ಅಡಿವರೆಗಿನ ನಿವೇಶನದಲ್ಲಿ ನಾಲ್ಕು ಮನೆಗಳವರೆಗಿನ ವಸತಿ ಕಟ್ಟಡಕ್ಕೆ, ನೋಂದಾಯಿತ ಎಂಜಿನಿಯರ್ ಅಥವಾ ವಾಸ್ತುಶಿಲ್ಪಿಯ ಸ್ವಯಂದೃಢೀಕರಣದ ಮೇಲೆ ನಕ್ಷೆ ಸಿಗುವ ವ್ಯವಸ್ಥೆ ಅದು. ಅರ್ಜಿಯ ಹಾದಿ ಅದರಿಂದ ಚಿಕ್ಕದಾಯಿತು, ಆದರೆ ಅಳತೆ ತಪ್ಪಿದರೆ ಬರುವ ಹೊಣೆ ನಕ್ಷೆಗೆ ಸಹಿ ಹಾಕಿದವನ ತಲೆಗೆ ಬಿತ್ತು. ನನ್ನ ವೃತ್ತಿಯವರು ಇದನ್ನು ಸಾಕಷ್ಟು ಗಂಭೀರವಾಗಿ ತೆಗೆದುಕೊಂಡಿದ್ದಾರೆ ಎಂದು ನನಗೆ ಅನ್ನಿಸುವುದಿಲ್ಲ.

ಸುಣ್ಣದ ಗೆರೆಯಿಂದ ಸ್ವಾಧೀನ ಪತ್ರದವರೆಗೆ

ಮಾರ್ಕಿಂಗ್ ದಿನ ಬೆಳಿಗ್ಗೆ ಪೂಜೆಯಾದ ಮೇಲೆ ಮೇಸ್ತ್ರಿ ಮೂಲೆಮಟ್ಟ ಇಟ್ಟು, ನಾಲ್ಕೂ ಕಡೆ ಗೂಟ ಹೊಡೆದು ದಾರ ಎಳೆದರು. ಕಂಬದ ನಡುಗೆರೆಗೆ ಎಳೆದ ದಾರ ಬೇರೆ, ಗಿಲಾವು ಮುಗಿದ ಗೋಡೆಯ ಹೊರಮುಖ ಬೇರೆ. ಕಾಂಪೌಂಡಿನಿಂದ ದಾರಕ್ಕೆ ಅಳೆದು ‘ಸರಿಯಿದೆ’ ಎನ್ನುವುದು ಸೈಟಿನಲ್ಲಿ ನಡೆಯುವ ಸಾಮಾನ್ಯ ತಪ್ಪು. ಗೋಡೆಯ ಅರ್ಧ ದಪ್ಪ, ಗಿಲಾವು, ಟೈಲ್ಸು ಎಲ್ಲವನ್ನೂ ಸೇರಿಸಿ, ಅದರ ಮೇಲೆ ಇನ್ನೂ ಐದು ಸೆಂಟಿಮೀಟರ್ ಒಳಕ್ಕೆ ಸರಿಸಿ ದಾರ ಕಟ್ಟಿಸಲಾಯಿತು. ಆಮೇಲೆ ಸುಣ್ಣದ ಪುಡಿಯಿಂದ ಪಾಯದ ಗುಂಡಿಗಳನ್ನು ಗುರುತಿಸಿದರು. ಗುತ್ತಿಗೆದಾರರಿಗೆ ಇದು ಒಗ್ಗಲಿಲ್ಲ. “ಸರ್, ಎರಡೂ ಕಡೆ ಅರ್ಧರ್ಧ ಅಡಿ ಹೊರಗೆ ತಗೊಂಡ್ರೆ ರೂಮು ದೊಡ್ಡದಾಗುತ್ತೆ. ಯಾರು ಟೇಪ್ ಹಿಡ್ಕೊಂಡು ಬರ್ತಾರೆ?” ಎಂದರು. ಅರ್ಧ ಅಡಿ ಎಂದರೆ ಹದಿನೈದು ಸೆಂಟಿಮೀಟರ್, ಶೇ. 5ರ ಮಿತಿಗೆ ಮೂರು ಪಟ್ಟಿಗಿಂತಲೂ ಹೆಚ್ಚು. ಹಿರಿಯ ಮಗ ಒಮ್ಮೆ ತಲೆದೂಗಿದರು, ತಂದೆಯವರು ಒಪ್ಪಲಿಲ್ಲ.

ಪಾಯ ಮತ್ತು ಕಂಬಗಳು ಮೇಲೆದ್ದ ಹಂತದಲ್ಲಿ ಸೆಟ್‌ಬ್ಯಾಕ್ ಪರಿಶೀಲನೆ ನಡೆದು ಕಾಮಗಾರಿ ಪ್ರಾರಂಭ ಪತ್ರ ಸಿಕ್ಕಿತು. ಈ ಪತ್ರವನ್ನು ತೆಗೆದುಕೊಳ್ಳದೆ ನೇರವಾಗಿ ಮೇಲೆ ಕಟ್ಟುತ್ತ ಹೋಗುವವರೇ ನಗರದಲ್ಲಿ ಹೆಚ್ಚು. ಹಾಗೆ ಮಾಡಿದವರಿಗೆ ಕೊನೆಯಲ್ಲಿ ಸ್ವಾಧೀನ ಪ್ರಮಾಣಪತ್ರ, ಅಂದರೆ ಎಲ್ಲರೂ ಓಸಿ ಎನ್ನುವ ಕಾಗದ, ಪಡೆಯುವ ದಾರಿ ಅಲ್ಲೇ ಮುಚ್ಚಿರುತ್ತದೆ. ಆಗ ಅದರಿಂದ ಯಾರಿಗೂ ತೊಂದರೆ ಕಾಣುತ್ತಿರಲಿಲ್ಲ, ಏಕೆಂದರೆ ಓಸಿ ಇಲ್ಲದೆಯೇ ಕರೆಂಟು, ನೀರು ಎರಡೂ ಬರುತ್ತಿದ್ದವು.

ಆ ಸ್ಥಿತಿ ಬದಲಾದದ್ದು ಈ ಮನೆಯ ಎರಡನೆಯ ಮಹಡಿಯ ಮೋಲ್ಡ್ ಹಾಕುತ್ತಿದ್ದ ಹೊತ್ತಿಗೆ. ಮೀರತ್‌ನ ಅನಧಿಕೃತ ಕಟ್ಟಡವೊಂದರ ಪ್ರಕರಣದಲ್ಲಿ 2024ರ ಡಿಸೆಂಬರ್ 17ರಂದು ತೀರ್ಪು ನೀಡಿದ ಸುಪ್ರೀಂ ಕೋರ್ಟ್, ದೇಶಕ್ಕೆಲ್ಲ ಅನ್ವಯಿಸುವಂತೆ ಹಲವು ನಿರ್ದೇಶನಗಳನ್ನು ಹೊರಡಿಸಿತು. ಕಾಮಗಾರಿ ನಡೆಯುವಷ್ಟು ಕಾಲ ಮಂಜೂರಾದ ನಕ್ಷೆಯನ್ನು ಸ್ಥಳದಲ್ಲಿ ಪ್ರದರ್ಶಿಸಬೇಕು. ವಿದ್ಯುತ್, ನೀರು, ಒಳಚರಂಡಿ ಸಂಪರ್ಕವನ್ನು ಪೂರ್ಣತಾ ಅಥವಾ ಸ್ವಾಧೀನ ಪ್ರಮಾಣಪತ್ರ ನೋಡಿಯೇ ಕೊಡಬೇಕು. ಬ್ಯಾಂಕುಗಳು ಕಟ್ಟಡದ ಮೇಲೆ ಸಾಲ ಕೊಡುವ ಮೊದಲು ಅದನ್ನು ಪರಿಶೀಲಿಸಬೇಕು ಎಂಬುವು ಅವುಗಳಲ್ಲಿ ಮುಖ್ಯ. ಕರ್ನಾಟಕದಲ್ಲಿ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಇದನ್ನು ಪಾಲಿಸುವಂತೆ ವಿದ್ಯುತ್ ಕಂಪನಿಗಳಿಗೆ ಸೂಚಿಸಿತು, ಮತ್ತು 2025ರ ಏಪ್ರಿಲ್‌ನಿಂದ ಬೆಂಗಳೂರಿನಲ್ಲಿ ಓಸಿ ಇಲ್ಲದ ಹೊಸ ಕಟ್ಟಡಕ್ಕೆ ಕಾಯಂ ಸಂಪರ್ಕ ಸಿಗದಂತಾಯಿತು. ಬಣ್ಣ ಬಳಿದು, ಲಿಫ್ಟು ಹಾಕಿಸಿ, ಬಾಡಿಗೆಯ ಬೋರ್ಡು ತೂಗಿಸಿದ್ದ ಕಟ್ಟಡಗಳು ತಾತ್ಕಾಲಿಕ ಮೀಟರಿನ ಮೇಲೆ ನಿಂತವು. ಇದೇ ರಸ್ತೆಯಲ್ಲೂ ಅಂಥದೊಂದು ಇತ್ತು. ಮೂರು ಮಹಡಿಗೆ ಮಂಜೂರಾತಿ, ಕಟ್ಟಿದ್ದು ಐದು.

ನಮ್ಮ ಕಟ್ಟಡ 2025ರ ಮಳೆಗಾಲಕ್ಕೆ ಮುಗಿಯಿತು. ಓಸಿಗೆ ಅರ್ಜಿ ಹಾಕುವ ಮೊದಲು ನಾವೇ ಮತ್ತೊಮ್ಮೆ ಸುತ್ತ ಅಳೆದೆವು. ಬದಿಗಳಲ್ಲಿ ಟೈಲ್ಸಿನ ಮುಖದಿಂದ 87, 88 ಸೆಂಟಿಮೀಟರ್ ಬಂತು; ನಕ್ಷೆಯಲ್ಲಿದ್ದದ್ದು 85. ಅಡ್ಡಿಯಾದದ್ದು ಸ್ಟಿಲ್ಟ್‌ನಲ್ಲಿ. ಸಿಮೆಂಟ್ ಚೀಲ ಇಡಲೆಂದು ಗುತ್ತಿಗೆದಾರರು ಹಿಂದಿನ ಕಾರಿನ ಜಾಗದಲ್ಲಿ ಸಿಮೆಂಟ್ ಬ್ಲಾಕಿನ ಸಣ್ಣ ಕೋಣೆ ಕಟ್ಟಿದ್ದರು, ಮನೆಯವರು ಅದನ್ನು ಮುಂದೆ ವಾಚ್‌ಮನ್‌ಗೆ ಆಗುತ್ತದೆಂದು ಉಳಿಸಿಕೊಂಡಿದ್ದರು. ಪಾರ್ಕಿಂಗ್‌ನ ಜಾಗ ಕೋಣೆಯಾದರೆ ಒಂದು ಕಾರಿನ ಲೆಕ್ಕ ತಪ್ಪುತ್ತದೆ, ಎಫ್‌ಎಆರ್‌ಗೂ ಅದು ಸೇರಿಕೊಳ್ಳುತ್ತದೆ. ತಾಯಿಯವರ ಅಸಮಾಧಾನದ ನಡುವೆಯೇ ಅದನ್ನು ಒಡೆದು ನೆಲ ಸರಿಪಡಿಸಲಾಯಿತು. ಪರಿಶೀಲನೆಗೆ ಬಂದವರು ಮಹಡಿಗಳನ್ನು ಎಣಿಸಿ, ಸೆಟ್‌ಬ್ಯಾಕ್ ಅಳೆದು, ಮಳೆನೀರಿನ ಇಂಗುಗುಂಡಿಯ ಮುಚ್ಚಳ ತೆಗೆಸಿ ನೋಡಿ, ಮೂರು ಕಾರಿನ ಗುರುತುಗಳ ಚಿತ್ರ ತೆಗೆದುಕೊಂಡರು. ಆ ಹೊತ್ತಿಗೆ ನಗರದ ಆಡಳಿತವೇ ಮರುರಚನೆಯ ಹಂತದಲ್ಲಿತ್ತು. 2025ರ ಸೆಪ್ಟೆಂಬರ್‌ನಲ್ಲಿ ಹಳೆಯ ಪಾಲಿಕೆಯ ಜಾಗಕ್ಕೆ ಐದು ನಗರ ಪಾಲಿಕೆಗಳು ಬಂದವು. ಓಸಿ ಕೈಗೆ ಬಂದ ಮೇಲೆ ಮೂರು ಮೀಟರುಗಳೂ, ಕಾವೇರಿ ನೀರಿನ ಸಂಪರ್ಕವೂ ಹೆಚ್ಚು ಮಾತಿಲ್ಲದೆ ಬಂದವು.

ಅಕ್ಟೋಬರ್‌ನಲ್ಲಿ ರಾಜ್ಯ ಸರ್ಕಾರ 1200 ಚದರ ಅಡಿವರೆಗಿನ ನಿವೇಶನಗಳಲ್ಲಿ ನೆಲ ಮತ್ತು ಎರಡು ಮಹಡಿ, ಅಥವಾ ಸ್ಟಿಲ್ಟ್ ಮತ್ತು ಮೂರು ಮಹಡಿಯ ವಸತಿ ಕಟ್ಟಡಗಳಿಗೆ ಓಸಿಯಿಂದ ವಿನಾಯಿತಿ ಕೊಟ್ಟಿತು. ಈ ರಸ್ತೆಯ ನಿವೇಶನಗಳೆಲ್ಲ 1500 ಚದರ ಅಡಿಯವು. ಐದು ಮಹಡಿ ಏರಿಸಿದ ನೆರೆಯವರಿಗೆ ನಿವೇಶನದ ಅಳತೆಯಿಂದಲೂ ಮಹಡಿಯ ಲೆಕ್ಕದಿಂದಲೂ ಅದು ದಕ್ಕಲಿಲ್ಲ.

ಕುಟುಂಬದೊಳಗೆ ಒಂದು ವಿಚಾರ ಇನ್ನೂ ಬಾಕಿಯಿದೆ. ಕಿರಿಯ ಮಗನ ಒತ್ತಾಯಕ್ಕೆ ಪಾಯ ಮತ್ತು ಕಂಬಗಳನ್ನು ಇನ್ನೊಂದು ಮಹಡಿಯ ಭಾರಕ್ಕೂ ತಾಳುವಂತೆ ವಿನ್ಯಾಸ ಮಾಡಿಸಲಾಗಿತ್ತು. ಕಂಬಿಗಳ ತುದಿಗಳು ತಾರಸಿಯ ಮೇಲೆ ಹಾಗೆಯೇ ನಿಂತಿವೆ. ಸದ್ಯಕ್ಕೆ ತಗಡಿನ ಮಾಡು ಹಾಕಿ ಒಂದು ಕೋಣೆ ಮಾಡಿಕೊಳ್ಳಬಹುದೇ ಎಂದು ಅವರು ಕೇಳಿದ್ದಾರೆ. 240ರಲ್ಲಿ 240ನ್ನೂ ಬಳಸಿಯಾಗಿದೆ. ಗೋಡೆ ಎದ್ದ ಕೋಣೆ ಯಾವ ಮಾಡಿನದಾದರೂ ವಿಸ್ತೀರ್ಣವೇ. ವಲಯ ನಿಯಮಗಳು ಮುಂದೆ ಬದಲಾಗಿ ಎತ್ತರಕ್ಕೂ ಎಫ್‌ಎಆರ್‌ಗೂ ಅವಕಾಶವಾದರೆ ಪರಿಷ್ಕೃತ ನಕ್ಷೆಗೆ ಹೊಸದಾಗಿ ಅರ್ಜಿ ಹಾಕಬಹುದು. ಅಲ್ಲಿಯವರೆಗೆ ಕಂಬಿಗಳಿಗೆ ತುಕ್ಕು ಹಿಡಿಯದಂತೆ ಸಿಮೆಂಟ್ ಹಾಲು ಬಳಿದು, ತೆಳು ಕಾಂಕ್ರೀಟಿನಿಂದ ಮುಚ್ಚಿಡುವಂತೆ ಹೇಳಿದ್ದೇನೆ.